ಅಡಕತ್ತರಿಯ ಸದ್ದು

ಮುಚ್ಚಿದ ಡಬ್ಬಿ ಕಂಡರೆ ತೆರೆದು ನೋಡದೆ ಇರಲಾರದ ಜಾತಿಯವಳು ಪ್ರಾರ್ಥನಾ. ಹಾಸನದಿಂದ ಕಾಶಿಗೆ ಬಂದು ವಿಶ್ವವಿದ್ಯಾಲಯದಲ್ಲಿ ಭೂಕಂಪದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ನೆಲದೊಳಗಿನ ಸಣ್ಣ ನಡುಕವನ್ನು ಲಾರಿ, ರೈಲುಗಳ ಗದ್ದಲದಿಂದ ಬೇರ್ಪಡಿಸುವುದು ಅವಳ ಕೆಲಸ. ಬೇಡದ ಸದ್ದು ಅಂದರೆ ಅವಳಿಗೆ ಅಕ್ಕಿಯೊಳಗಿನ ಕಲ್ಲಿದ್ದಂತೆ, ಆರಿಸಿ ಎಸೆಯುವವರೆಗೆ ಸಮಾಧಾನವಿಲ್ಲ.

ಅವಳು ಬಾಡಿಗೆಗಿದ್ದದ್ದು ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ, ರಘುನಂದನಾಚಾರ್ಯರ ಮನೆಯ ಮಹಡಿಯ ಕೋಣೆಯಲ್ಲಿ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವ ಮನೆ ಅದು. ಮೂಲ ಬಾಗಲಕೋಟೆಯ ಕಡೆ. ಮೂರು ತಲೆಮಾರು ಗಂಗೆಯ ನೀರು ಕುಡಿದರೂ ಮನೆಯ ಹಿರಿಯರಾದ ಗೋದಾಬಾಯಿಯವರ ಮಾತಿನಲ್ಲಿ ಬಾಗಲಕೋಟೆ ಒಂದಿಷ್ಟೂ ಕರಗಿರಲಿಲ್ಲ. ಮೊಮ್ಮಗಳು ತನ್ಮಯಿಗೆ ಮಾತ್ರ ಸಿಟ್ಟು, ನಗು, ಕನಸು ಎಲ್ಲವೂ ಹಿಂದಿಯಲ್ಲೇ ಬರುತ್ತಿದ್ದವು.

ಎರಡು ಸಾವಿರದ ಆರರ ಚಳಿಗಾಲದಲ್ಲಿ ತನ್ಮಯಿಯ ಮದುವೆ ಗೊತ್ತಾಯಿತು. ಆ ಮನೆಗೆ ತನ್ನದೇ ಒಂದು ಉರುಟಣೆ ಹಾಡಿತ್ತು. ಮದುವೆಯ ಸಂಜೆ ಗಂಡುಹೆಣ್ಣನ್ನು ಎದುರುಬದುರು ಕೂರಿಸಿ ಅರಿಸಿನ ಹಚ್ಚಿಸುವಾಗ ಬೀಗರನ್ನು ಕಾಲೆಳೆಯುವ ಹಾಡು. ಗೋದಾಬಾಯಿಯ ಅತ್ತೆ ಕಾಶಿಯಲ್ಲೇ ಕಟ್ಟಿದ್ದರಿಂದ ಬೇರೆಲ್ಲೂ ಸಿಗುವಂಥದ್ದಲ್ಲ. ಗೋದಾಬಾಯಿಯ ಸೊಸೆ, ತನ್ಮಯಿಯ ತಾಯಿ ವಸಂತಾ ಎಲ್ಲ ಹಾಡನ್ನೂ ಆರತಿ ಹಾಡಿನ ಧಾಟಿಗೇ ಎಳೆಯುವವಳು, ಅವಳನ್ನು ನಂಬುವಂತಿರಲಿಲ್ಲ. ತನ್ಮಯಿ ಚಿಕ್ಕವಳಿದ್ದಾಗಲೇ ಅಜ್ಜಿ ಮಾತು ಕೊಟ್ಟಿದ್ದರು, ನಿನ್ನ ಉರುಟಣೆಗೆ ನಾನೇ ಹಾಡುತ್ತೇನೆಂದು. ಆದರೆ ಹೋದ ವರ್ಷ ಅಜ್ಜ ಕೃಷ್ಣಮೂರ್ತಾಚಾರ್ಯರು ತೀರಿಕೊಂಡರು. ಅಂದಿನಿಂದ ಗೋದಾಬಾಯಿ ಶುಭಕಾರ್ಯದ ಮುಂದೆ ಬಂದು ನಿಲ್ಲುವುದನ್ನೇ ಬಿಟ್ಟಿದ್ದರು.

ಬೇಡ ಎಂದವರು ಯಾರೂ ಇಲ್ಲ. ಮಗ ರಘುನಂದನನೇ, "ಅವ್ವಾ, ನೀ ಹಾಡು, ಯಾರೂ ಏನೂ ಅನ್ನೂದಿಲ್ಲ" ಎಂದಿದ್ದ. "ಯಾರರ ಅಂತಾರಂತ ಅಲ್ಲೋ. ನನಗ ಆಗೂದಿಲ್ಲ" ಎಂದು ಅವರು ಒಳಗೆ ಹೋಗಿದ್ದರು. ಪ್ರಾರ್ಥನಾಳಿಗೆ ಮೈಯೆಲ್ಲ ಉರಿದಿತ್ತು. ಗಂಡ ಹೋದರೆ ಹೆಂಡತಿಯ ಕಂಠವೂ ಮೈಲಿಗೆಯೇ ಎಂದು ವಾದಕ್ಕಿಳಿದಳು. ಗೋದಾಬಾಯಿ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿ, ಅಟ್ಟದ ಕಡೆ ಕೈ ತೋರಿಸಿದರು.

"ಅಲ್ಲೆ ಟೇಪ್‌ರೆಕಾರ್ಡರ್ ಅದ. ಒಂದು ಮಧ್ಯಾಹ್ನ ನಮ್ಮವರು ನನ್ನ ಕಡೆಯಿಂದ ಅದನ್ನ ಹಾಡಿಸಿ ತುಂಬಿಸಿಟ್ಟಾರ. ಅದರಾಗ ಹಾಡಿದಾಕಿ ಮುತ್ತೈದಿ. ಆಕಿ ಹಾಡಲಿ, ನನ್ನ ಅಡ್ಡಿ ಇಲ್ಲ."

ಪ್ರಾರ್ಥನಾಳ ಸಿಟ್ಟು ಅಲ್ಲೇ ಇಳಿದುಹೋಯಿತು. ಒಬ್ಬಳೇ ಹೆಂಗಸು ಡಬ್ಬಿಯೊಳಗೆ ಮುತ್ತೈದೆ, ಹೊರಗೆ ಅಲ್ಲ! ಇಂಥ ತರ್ಕವನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಏಣಿ ಹಾಕಿ ತಾನೇ ಅಟ್ಟ ಹತ್ತಿದಳು.

ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ತನ್ನ ಕಂಪ್ಯೂಟರಿನ ಮೈಕ್ ತೂತಿಗೆ ಒಂದು ವೈರು ಎಳೆದಳು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಧ್ವನಿ ಕತ್ತರಿಸುವ ತಂತ್ರಾಂಶವೊಂದು ಅವಳ ಬಳಿ ಇತ್ತು. ಕ್ಯಾಸೆಟ್ ತಿರುಗಿದಂತೆ ಪರದೆಯ ಮೇಲೆ ಹಾಡು ಗುಡ್ಡಗುಡ್ಡವಾಗಿ ಮೂಡತೊಡಗಿತು. ಒಂದು ಸಾಲು, ಒಂದು ಗುಡ್ಡ. ಆಮೇಲೆ ಬಯಲು. ಮತ್ತೆ ಒಂದು ಗುಡ್ಡ. ಧ್ವನಿಯನ್ನು ಕಣ್ಣಿನಿಂದ ನೋಡುವ ಈ ಸುಖ ಅವಳಿಗೆ ಹಳೆಯದೇ, ಆದರೂ ಊಟ ಮರೆತು ನೋಡುತ್ತ ಕುಳಿತಳು.

*ಕೇದಾರದ ಮೆಟ್ಟಿಲು ಏರಿ ಬಂದ ಬೀಗರೆ,*
*ಏದುಸಿರು ಬಿಡಬ್ಯಾಡಿ ಕೂತು…*

ಈಗಿನ ಗೋದಾಬಾಯಿಯ ಧ್ವನಿಗಿಂತ ಅದು ತುಂಬಿದ ಧ್ವನಿ, ತುಂಟ ಧ್ವನಿ. ಆದರೆ ಬಯಲಿನಲ್ಲಿ ಕಸವೋ ಕಸ. ಯಾರೋ ಕೆಮ್ಮುತ್ತಾರೆ. ದೂರದಲ್ಲಿ ಮೋಟಾರು ದೋಣಿ. ಒಂದು ಮಂಗ ತಗಡಿನ ಮೇಲೆ ಹಾರುತ್ತದೆ. ಮತ್ತೆ ಮತ್ತೆ 'ಕಟ್ಟ್, ಕಟ್ಟ್' ಎಂದು ಏನೋ ಒಡೆಯುವ ಸದ್ದು. ಪ್ರಾರ್ಥನಾ ತೋಳೇರಿಸಿ ಕೂತಳು. ಸರಸರ ಎನ್ನುವ ಟೇಪಿನ ಸದ್ದನ್ನು ಸೋಸಿದಳು. ಬಯಲುಗಳನ್ನೆಲ್ಲ ಕತ್ತರಿಸಿ ಗುಡ್ಡಕ್ಕೆ ಗುಡ್ಡ ಅಂಟಿಸಿದಳು. ಹಾಡು ಅರ್ಧಕ್ಕರ್ಧ ಚಿಕ್ಕದಾಯಿತು, ಕನ್ನಡಿಯಂತೆ ಸ್ವಚ್ಛವಾಯಿತು. ಹುಮ್ಮಸ್ಸಿನಲ್ಲಿ ಫೈಲನ್ನು ಹಳೆಯ ಹೆಸರಿನಲ್ಲೇ ಉಳಿಸಿಯೂ ಬಿಟ್ಟಳು, ಮೊದಲಿನದು ಅಳಿಸಿಹೋಯಿತು. ಕ್ಯಾಸೆಟ್ಟು ಇದೆಯಲ್ಲ ಎಂಬ ಧೈರ್ಯ. ಅದನ್ನು ಹಿಂದಕ್ಕೆ ಸುತ್ತುವಾಗ ಮುದಿ ಯಂತ್ರ ಟೇಪನ್ನು ನುಂಗಿ ಹರಿದುಹಾಕಿತು.

ಮರುದಿನ ಗೋದಾಬಾಯಿಯನ್ನು ಮಹಡಿಗೆ ಕರೆತಂದು ಸ್ಪೀಕರಿನ ಮುಂದೆ ಕೂರಿಸಿದಳು. ಅವರು ಕಣ್ಣುಮುಚ್ಚಿ ಕೇಳಿದರು. ಎರಡನೆಯ ಸಾಲಿಗೆ ಕಣ್ಣು ತೆರೆದು ಕೋಣೆಯ ಮೂಲೆಮೂಲೆ ನೋಡಿದರು.

"ಇವರೆಲ್ಲೆ?"

"ಯಾರಜ್ಜಿ?"

"ನಮ್ಮವರು. ಬಾಜೂಕ ಕೂತು ಅಡಿಕಿ ಕತ್ತರಸಲಿಕ್ಹತ್ತಿದ್ರಲ್ಲ. ನಾ ಸಾಲು ಮುಗಿಸಿದ ಕೂಡಲೇ ಅಡಕತ್ತರಿ ಸಪ್ಪಳ ಆಗ್ತಿತ್ತು."

"ಓ, ಅದಾ? ಗಲಾಟೆ ಅಂತ ಎಲ್ಲಾ ತೆಗೆದುಬಿಟ್ಟೆ ಅಜ್ಜಿ. ಈಗ ನಿಮ್ಮ ದನಿ ಒಂದೇ ಇದೆ, ಎಷ್ಟು ಚೆನ್ನಾಗಿ ಕೇಳತ್ತೆ ನೋಡಿ."

ಗೋದಾಬಾಯಿ ಮಂಡಿಯ ಮೇಲೆ ಕೈಯೂರಿ ಎದ್ದರು. "ಛಲೋ ಮಾಡೀಯವ್ವಾ. ಆದರ ಅವರನ್ನ ತಗದ ಮ್ಯಾಲೆ ಇಕಿ ಯಾರು? ಇಕಿ ನಾನ ಆದೆ ನೋಡು, ಈಗಿನ ನಾನು. ಮದುವಿಯೊಳಗ ಇದನ್ನ ಹಚ್ಚಬ್ಯಾಡ" ಎಂದು ಮೆಟ್ಟಿಲಿಳಿದರು.

ಪ್ರಾರ್ಥನಾ ಸ್ಪೀಕರ್ ಆರಿಸಿದಳು. ಆ ತರ್ಕ ಕೇಳಿ ಬೆರಗಾದವಳು ತಾನೇ. ಈಗ ಅದೇ ತರ್ಕದಿಂದ ಆ ಹೆಂಗಸನ್ನು ಎರಡನೇ ಸಲ ವಿಧವೆ ಮಾಡಿದವಳೂ ತಾನೇ. ಬಾತ್ರೂಮಿಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಹರಿದ ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ಏನಿರುತ್ತದೋ ನೋಡೇಬಿಡೋಣ ಎಂದು ಸ್ಕ್ರೂಡ್ರೈವರ್ ಹುಡುಕಿದಳು. ಸ್ವಭಾವ ಎಲ್ಲಿಗೆ ಹೋದೀತು.

ಟೇಪು ಎಳೆದು ಸುಕ್ಕಾಗಿತ್ತು, ಒಂದು ಕಡೆ ತುಂಡಾಗಿತ್ತು. ಸುಕ್ಕನ್ನು ಉಗುರಿನಿಂದ ತೀಡಿದಳು. ಎರಡು ತುದಿಗಳನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ಸೆಲೋಟೇಪಿನ ಎಳೆಯಷ್ಟು ತುಂಡಿನಿಂದ ಬೆನ್ನಿಗೆ ಅಂಟಿಸಿ, ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿದಳು. ಕರೆಂಟು ಹೋಗದ ಹೊತ್ತು ನೋಡಿ, ವಸಂತಾಳ ಕೈಕಾಲು ಹಿಡಿದು ಮಿಕ್ಸಿ ನಿಲ್ಲಿಸಿ, ಇನ್ನೊಮ್ಮೆ ತಿರುಗಿಸಿದಳು. ಈ ಸಲ ಗುಡ್ಡಗಳನ್ನು ನೋಡಲೇ ಇಲ್ಲ. ಬಯಲಿನಲ್ಲಿ 'ಕಟ್ಟ್' ಎಂದು ಸಣ್ಣ ಗೆರೆ ಎದ್ದಾಗಲೆಲ್ಲ ಉಸಿರು ಬಿಟ್ಟಳು. ಹರಿದಲ್ಲಿ ಒಂದು ಅಕ್ಷರ ನುಂಗಿಹೋಗಿತ್ತು. ಅಡಕತ್ತರಿ ಒಂದೂ ಹೋಗಿರಲಿಲ್ಲ.

ಗೋದಾಬಾಯಿ ಅದನ್ನು ಕೇಳಿದರು. ಹಚ್ಚು ಎಂಬಂತೆ ಒಂದು ಸಲ ತಲೆಯಾಡಿಸಿದರು.

ಮದುವೆಯ ಸಂಜೆ ನಡುಮನೆಯಲ್ಲಿ ಜಾಗವೇ ಇರಲಿಲ್ಲ. ಬಾಗಲಕೋಟೆಯ ಬೀಗರು, ಗಲ್ಲಿಯ ತಮಿಳು ಹೆಂಗಸರು, ತನ್ಮಯಿಯ ಹಿಂದಿ ಗೆಳತಿಯರು, ಎಲ್ಲರೂ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತಿದ್ದರು. ಗೋದಾಬಾಯಿ ಅಡುಗೆಮನೆಯ ಬಾಗಿಲ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಮಣೆ ಹಾಕಿಕೊಂಡಿದ್ದರು. ಪ್ರಾರ್ಥನಾ ಸ್ಪೀಕರ್ ಹಚ್ಚಿದಳು.

ಮೊದಲ ಸಾಲು ಬಂತು. ಬೀಗರು ನಕ್ಕರು. ಆಮೇಲೆ ಮೌನ, ಆ ಮೌನದಲ್ಲಿ 'ಕಟ್ಟ್'. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. "ಅಟಕ್ ಗಯಾ ಕ್ಯಾ?" ಹಾಡು ಸಿಕ್ಕಿಕೊಂಡಿತೇ ಎಂದು ಗೆಳತಿಯೊಬ್ಬಳು ಪಿಸುಗುಟ್ಟಿದಳು. ಎರಡನೆಯ ಸಾಲಾಯಿತು. ಮತ್ತೆ ಮೌನ, ಒಂದು ಕೆಮ್ಮು. ಪ್ರಾರ್ಥನಾ ಆ ಚಳಿಯಲ್ಲೂ ಬೆವರಿದಳು. ಇಷ್ಟು ದಿನ ಈ ಬಯಲನ್ನು ಕತ್ತರಿಸಿ, ಅಂಟಿಸಿ, ಕಾದು ಕೂತವಳಿಗೆ ಅದು ಯಾಕಿದೆ ಎಂಬ ಪ್ರಶ್ನೆಯೇ ಹೊಳೆದಿರಲಿಲ್ಲ.

ಮೂರನೆಯ ಸಾಲು ಮುಗಿಯಿತು. ಅಡುಗೆಮನೆಯ ಬಾಗಿಲ ಹಿಂದಿನಿಂದ, ಸವೆದ ಧ್ವನಿಯೊಂದು ಸರಿಯಾದ ಶ್ರುತಿಯಲ್ಲಿ ಬಂತು.

"ಶೋಭಾನೆ…"

ಬೀಗಿತ್ತಿಯರು ಪಕ್ಕನೆ ಹಿಡಿದುಕೊಂಡರು. ಮುಂದಿನ ಸಾಲಿಗೆ ತಮಿಳು ಹೆಂಗಸರೂ ಸೇರಿದರು, ಅದರ ಮುಂದಿನದಕ್ಕೆ ಹಿಂದಿ ಗೆಳತಿಯರು. ಮುಂದೆ ಒಬ್ಬಳು ಹಾಡುತ್ತಾಳೆ, ಉಳಿದವರು ಹಿಂದೆ ಶೋಭಾನೆ ಅನ್ನುತ್ತಾರೆ; ಆ ಜಾಗ ಬಿಟ್ಟುಕೊಂಡೇ ಗೋದಾಬಾಯಿ ಅಂದು ಹಾಡಿದ್ದರು. ಅಂದು ಅನ್ನಲು ಹೆಂಗಸರಿರಲಿಲ್ಲವಾದ್ದರಿಂದ ಆ ಜಾಗದಲ್ಲಿ ಆಚಾರ್ಯರು ಅಡಿಕೆ ಕತ್ತರಿಸಿದ್ದರು. ಈಗ ಅಷ್ಟು ಹೆಂಗಸರ ಧ್ವನಿಯಲ್ಲಿ ಅವರ ಅಡಕತ್ತರಿ ಮುಳುಗಿಹೋಯಿತು. ತನ್ಮಯಿ ಗಂಡನ ಕೆನ್ನೆಗೆ ಅರಿಸಿನ ಹಚ್ಚುವುದನ್ನು ಮರೆತು ಅಡುಗೆಮನೆಯ ಕಡೆಗೇ ನೋಡುತ್ತಿದ್ದಳು. ಹರಿದ ಜಾಗದಲ್ಲಿ ನುಂಗಿಹೋದ ಅಕ್ಷರವೂ ಅಲ್ಲಿಂದಲೇ ಬಂತು.

ಊಟದ ಗಲಾಟೆಯಲ್ಲಿ ಪ್ರಾರ್ಥನಾ ಅಡುಗೆಮನೆಗೆ ಹೋಗಿ, "ಹಾಡಲ್ಲ ಅಂದಿದ್ರಿ" ಎಂದು ಕೆಣಕಿದಳು.

"ನಾ ಎಲ್ಲೆ ಹಾಡಿದೆ? ಹಾಡಿದಾಕಿ ಆಕಿ. ಹಿಂದ ಅನ್ನಲಿಕ್ಕೆ ನಾನೂ ಇದ್ದೆ ಅಷ್ಟ" ಎಂದರು ಗೋದಾಬಾಯಿ.

ತನ್ಮಯಿ ಗಂಡನ ಮನೆಗೆ ಹೊರಟುಹೋದ ಮರುದಿನ ಬೆಳಗ್ಗೆ ಅವರು ತಾವಾಗಿಯೇ ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತ ಕುರ್ಚಿಯ ತುದಿಯಲ್ಲಿ ಕೂತು ಪರದೆಯ ಮೇಲಿನ ಗುಡ್ಡ ಬಯಲುಗಳನ್ನು ನೋಡಿದರು.

"ಅವತ್ತ ಅವರನ್ನ ತಗದು ನನ್ನೊಬ್ಬಾಕಿನ್ನ ಇಟ್ಟಿದ್ದಿಯಲ್ಲ. ಈಗ ನನ್ನ ತಗದು ಅವರನ್ನ ಇಡಲಿಕ್ಕೆ ಬರತದೇನು?"

ಪ್ರಾರ್ಥನಾ ಮೊದಲು ಮೂಲವನ್ನು ಬೇರೆ ಹೆಸರಿನಲ್ಲಿ ಭದ್ರವಾಗಿ ಉಳಿಸಿದಳು. ಆಮೇಲೆ ಗುಡ್ಡಗಳನ್ನೆಲ್ಲ ಕತ್ತರಿಸಿ, ಬಯಲಿಗೆ ಬಯಲು ಅಂಟಿಸಿ, ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದಳು. ದೂರದಲ್ಲಿ ದೋಣಿ ಹೋಯಿತು. ಆಚಾರ್ಯರು ಕೆಮ್ಮಿದರು. ಗೋದಾಬಾಯಿ ಸೆರಗನ್ನು ಸರಿಮಾಡಿಕೊಂಡು ಮುಂದೆ ಬಾಗಿ ಕೂತರು, ಆಚಾರ್ಯರು ಅಡಿಕೆ ಕತ್ತರಿಸುತ್ತ ಹೋದರು.