ಒಂಬತ್ತಕ್ಕೆ ಹತ್ತು ನಿಮಿಷ

ಸಿಲ್ವಿಯು ಒಂಬತ್ತು ಚೀಟಿಗಳನ್ನೂ ಬಿಡಿಸಿ ಮೇಜಿನ ಮೇಲೆ ಎರಡು ಸಾಲಾಗಿ ಇಟ್ಟ.

"ಆರು ಜನ ಅಪರಾಧಿ ಅಂದಿದ್ದಾರೆ, ಮೂರು ಜನ ಅಲ್ಲ ಅಂದಿದ್ದಾರೆ. ಆರು ಸಾಕು. ಹಬ್ಬದ ಬ್ಯಾಂಡು ಶುರುವಾಗೋದ್ರೊಳಗೆ ಊರು ಸೇರ್ಕೋಬಹುದು," ಎಂದು ಎದ್ದ. ಕಾರು ಮಾರುವ ಆತನೇ ಜ್ಯೂರಿಗೆ ಮುಖ್ಯಸ್ಥ. ಹೊರಗಿನಿಂದ ಬೀಗ ಹಾಕಿದ್ದ ಕದವನ್ನು ಅವನು ತಟ್ಟಿದರೆ ತೀರ್ಪು ಸಿದ್ಧವಾಯಿತೆಂದು ಅರ್ಥ.

ಆ ಆರರಲ್ಲಿ ಒಂದು ನಾರ್ದುವಿನದು. ಕಲ್ಲುಕೆಲಸದಿಂದ ನಿವೃತ್ತನಾದವನು, ವಯಸ್ಸಿನ ಕಾರಣ ಹೇಳಿದ್ದರೆ ಬಿಡುತ್ತಿದ್ದರು. ಆದರೆ ಹೆಂಡತಿ ವಿಚೆನ್ಸಾ ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆಗಿಂತ ಕೋರ್ಟೇ ವಾಸಿಯೆಂದು ಬಂದಿದ್ದ. ಐದು ದಿನದಿಂದ ಪತ್ರಿಕೆಯಿಲ್ಲ, ಫೋನಿಲ್ಲ; ಹೋಟೆಲಿನಲ್ಲಿ ಮಲಗಿದರೂ ಬಾಗಿಲಲ್ಲಿ ಪೊಲೀಸರು. ವಿಚಾರಣೆಯ ಮೊದಲ ದಿನವೇ, ಕೊಲೆಯಾದ ಮುದುಕಿ ದೊಲೊರೀಸಳ ಫೋಟೋ ತೋರಿಸಿದ್ದರು. ಬೆರಳುಗಳಿಗೆ ಸುತ್ತಿಕೊಂಡ ಜಪಸರ. ವಿಚೆನ್ಸಾಳನ್ನೂ ಹಾಗೆಯೇ ಮಣ್ಣಿಗೆ ಕಳಿಸಿದ್ದ. ಆಮೇಲೆ ಅವನು ಕಟಕಟೆಯ ಕಡೆ ಸರಿಯಾಗಿ ನೋಡಿರಲೇ ಇಲ್ಲ.

ಕಟಕಟೆಯಲ್ಲಿದ್ದವನು ಹಬ್ತೋಮ್. ಎರಿಟ್ರಿಯಾದಿಂದ ದೋಣಿಯಲ್ಲಿ ಮಾಲ್ಟಾಕ್ಕೆ ಬಂದ ಹುಡುಗ. ಮುದುಕಿಯ ಮಾಳಿಗೆ ರಿಪೇರಿಗೆ ಆ ಊರಿಗೆ ಬಂದ ಮೊದಲ ದಿನವೇ ಕೊಲೆಯಾಯಿತು. ಬೆಳಿಗ್ಗೆ ಎಂಟಕ್ಕೆ ಕಾಲು ಗಂಟೆ ಇರುವಾಗ ಅವಳು ಕಿರುಚಿದ್ದು ಕೇಳಿಸಿತಂತೆ. ಎಂಟೂ ಹತ್ತಕ್ಕೆ ನೆರೆಯವರು ಬಂದಾಗ ಇವನು ಹೆಣದ ಪಕ್ಕ ಮೊಣಕಾಲೂರಿ ಕೂತಿದ್ದ, ಕೈಗೆಲ್ಲ ರಕ್ತ. ಬೀದಿಯಲ್ಲಿ ಅವನು ಓಡಿದ್ದನ್ನೂ ಒಬ್ಬಾಕೆ ಕಂಡಿದ್ದಳು.

"ತಾಳಿ," ಎಂದಳು ಮಾರ್ಥೇಜ್. ಅಲ್ಲ ಅಂದ ಮೂವರಲ್ಲಿ ಅವಳೊಬ್ಬಳು. ಮಗುವಿಗೆ ಜ್ವರವೆಂದು ನಿನ್ನೆ ಪೊಲೀಸಿನವನು ಹೇಳಿದಾಗಿನಿಂದ ಅವಳು ಏನೂ ತಿಂದಿರಲಿಲ್ಲ. "ಬಸ್ಸಿಂದ ಇಳಿದಾಗ ಚರ್ಚಿನ ಗಡಿಯಾರದಲ್ಲಿ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು ಅಂತಾನೆ. ಎಂಟೂವರೆಗೇ ಪೊಲೀಸ್ರು ಅವನ ಕೈಗೆ ಬೇಡಿ ಹಾಕಿದ್ರು. ಸುಳ್ಳು ಹೇಳೋನು ಇಂಥ ದಡ್ಡ ಸುಳ್ಳು ಹೇಳ್ತಾನಾ?"

"ಅವರ ಮರುಭೂಮೀಲಿ ಗಡಿಯಾರ ಎಲ್ಲಿ ನೋಡಿರ್ತಾನಮ್ಮ, ಒಂಟೆ ಕೂಗಿದಾಗ ಎದ್ದವನು," ಎಂದ ಸಿಲ್ವಿಯು. ಇಬ್ಬರು ನಕ್ಕರು.

ನಾರ್ದು ನಗಲಿಲ್ಲ. ಕೊಲೆಯಾದ ಊರು ವಿಚೆನ್ಸಾಳ ತವರೂರು. ಮದುವೆಯ ಬೆಳಿಗ್ಗೆ ಆ ಚರ್ಚಿನ ಮೆಟ್ಟಿಲ ಮೇಲೆ ಬೆವರುತ್ತಾ ನಿಂತು, ಗಡಿಯಾರ ನೋಡಿ, ಹುಡುಗಿ ಮನಸ್ಸು ಬದಲಾಯಿಸಿದಳೇನೋ ಎಂದು ಅತ್ತೇಬಿಟ್ಟಿದ್ದ. ಅವಳು ಹೊತ್ತಿಗೆ ಸರಿಯಾಗಿ ಬಂದು, "ಅಯ್ಯೋ ಪೆದ್ದ, ಎಡಗಡೇದು ಸೈತಾನಂಗೆ ಕಣೋ," ಎಂದಿದ್ದಳು.

"ಎಡಗಡೇದು," ಎಂದ ನಾರ್ದು.

"ಏನು, ನಾರ್ದು ಅವರೇ?" ಎಂದಳು ಮಾರ್ಥೇಜ್.

"ಎಡಗೋಪುರದ ಗಡಿಯಾರ ಬರೀ ಬಣ್ಣದ್ದು. ಪೂಜೆ ಹೊತ್ತು ಸೈತಾನಂಗೆ ತಿಳೀಬಾರ್ದು ಅಂತ ನಮ್ಮೋರು ಬರೆಸ್ತಾರಲ್ಲ, ಅದು. ಅದರಲ್ಲಿ ಯಾವಾಗ್ಲೂ ಒಂಬತ್ತಕ್ಕೆ ಹತ್ತು ನಿಮಿಷ. ನಾವು ಯಾರಾದ್ರೂ ಅದನ್ನ ನೋಡ್ತೀವಾ? ಅವನು ನೋಡಿದ. ಎಂಟಕ್ಕೆ ಕೆಲಸ, ತಡ ಆಯ್ತು ಅಂದ್ಕೊಂಡ, ಓಡಿದ. ಎಂಟರದೇ ಆ ಊರಿಗೆ ಮೊದಲ ಬಸ್ಸು, ಅವನು ಇಳಿದದ್ದು ಅದರಿಂದ. ಕಿರುಚಿದ್ದು ಅದಕ್ಕೂ ಮುಂಚೆ."

ಮುಚ್ಚಿದ ಕಿಟಕಿಗೆ ನೊಣವೊಂದು ಬಡಿಯುತ್ತಿತ್ತು.

"ಇದನ್ನ ಕೋರ್ಟಲ್ಲಿ ಯಾರು ಹೇಳಿದ್ರು?" ಎಂದ ಸಿಲ್ವಿಯು ಕೊನೆಗೆ.

"ಯಾರೂ ಕೇಳಲಿಲ್ಲ."

"ಹಾಗಾದ್ರೆ ಅದು ಸಾಕ್ಷಿ ಅಲ್ಲ. ಅಲ್ಲಿ ಕೇಳಿದ್ದನ್ನ ಮಾತ್ರ ತೂಗ್ತೀವಿ ಅಂತ ಶಿಲುಬೆ ಮುಟ್ಟಿ ಹೇಳಿದ್ದೀರಿ, ನೀವೂ."

"ಶಿಲುಬೆ ಮೇಲೆ ಇದ್ದವನಿಗೂ ಒಂದು ಕೋರ್ಟು ಹೀಗೇ ತೀರ್ಪು ಕೊಡ್ತಪ್ಪ. ನನ್ನ ಚೀಟಿ ನಂಗೆ ವಾಪಸ್ ಬೇಕು."

ಸಿಲ್ವಿಯು ಕುರ್ಚಿಯಲ್ಲಿ ಕುಸಿದ. "ಸರಿ. ಇನ್ನೊಂದು ಸಲ ಬರೀರಿ. ಐದು-ನಾಲ್ಕು ಆದ್ರೆ ಯಾವ ಕಡೆಗೂ ತೀರ್ಪಿಲ್ಲ. ಇವತ್ತೂ ಇಲ್ಲೇ, ನಾಳೆ ಭಾನುವಾರಾನೂ ಇಲ್ಲೇ. ಮನೇಲಿ ಯಾರು ಕಾಯ್ತಿದ್ದಾರೆ ಅಂತ ಯೋಚನೆ ಮಾಡಿ ಬರೀರಿ." ಹೇಳುವಾಗ ಅವನು ಯಾರನ್ನೂ ನೋಡಲಿಲ್ಲ.

ನಾರ್ದು ಪೆನ್ಸಿಲನ್ನು ಒತ್ತಿ ಬರೆದ, ಕಲ್ಲಿನ ಮೇಲೆ ಕೆತ್ತುವವನಂತೆ. ಚೀಟಿ ಮಡಿಸಿ ಹಾಕಿ, ಮೇಜಿನ ಕೆಳಗೆ ತನ್ನ ಜಪಸರದ ಮಣಿಗಳನ್ನು ಎಣಿಸತೊಡಗಿದ. ಮೂರನೆಯ ಮಣಿಗೆ ಸಿಲ್ವಿಯು ಓದಿ ಮುಗಿಸಿದ್ದ.

"ಆರು. ಮೂರು."

ನಾರ್ದುವಿಗೆ ತಪ್ಪಾಗಿ ಕೇಳಿಸಿತೆನ್ನಿಸಿತು. ತಾನೇ ಎದ್ದು ಹೋಗಿ ನೋಡಿದ. ಅವನು ಒತ್ತಿ ಬರೆದ ಚೀಟಿ ಚಿಕ್ಕ ಸಾಲಿನಲ್ಲಿತ್ತು. ಅವನು ತಲೆಯೆತ್ತಿದಾಗ ಮಾರ್ಥೇಜ್ ಕೈಚೀಲದ ಕೊಂಡಿ ಹಾಕುತ್ತಿದ್ದಳು. ಕೊಂಡಿ ಬೀಳುತ್ತಿರಲಿಲ್ಲ. ಮತ್ತೆ ಮತ್ತೆ ಒತ್ತುತ್ತಿದ್ದಳು.

"ಮಗಳೇ," ಎಂದ ಅವನು.

"ಒಂದೂವರೆ ವರ್ಷ ಅವಳಿಗೆ," ಎಂದಳು ಅವಳು, ಚೀಲಕ್ಕೇ ಹೇಳುವಂತೆ.

ಸಿಲ್ವಿಯು ಕದ ತಟ್ಟಿದ.

ಕೋರ್ಟಿನಲ್ಲಿ ಅವನೇ ಎದ್ದು ನಿಂತು ಆರು ಮತಕ್ಕೆ ಮೂರು ಮತ, ಅಪರಾಧಿ ಎಂದ. ಒಳಗೆ ಯಾರು ಏನು ಬರೆದರೆಂಬುದನ್ನು ಸಾಯುವವರೆಗೂ ಹೇಳಕೂಡದು, ಅದಕ್ಕೂ ಆಣೆಯಿತ್ತು. ನಾರ್ದು ಎರಡು ಕೈಗಳಿಂದ ಮುಂದಿನ ಮರದ ಪಟ್ಟಿಯನ್ನು ಹಿಡಿದು, ಐದು ದಿನಗಳಲ್ಲಿ ಮೊದಲ ಬಾರಿಗೆ ಕಟಕಟೆಯ ಕಡೆ ನೋಡಿದ. ದುಭಾಷಿ ಬಗ್ಗಿ ಹಬ್ತೋಮನ ಕಿವಿಯಲ್ಲಿ ಹೇಳುತ್ತಿದ್ದ. ಹೇಳುತ್ತಾ ಮೂರು ಬೆರಳು ಎತ್ತಿ ತೋರಿಸಿದ.

ಹುಡುಗ ಆ ಬೆರಳುಗಳನ್ನು ನೋಡಿದ. ಆಮೇಲೆ ಜ್ಯೂರಿಯ ಬೆಂಚಿನ ಕಡೆ ತಿರುಗಿ, ಒಂದು ತುದಿಯಿಂದ ಶುರುಮಾಡಿ, ಒಂದೊಂದೇ ಮುಖವನ್ನು ನಿಧಾನವಾಗಿ ನೋಡುತ್ತಾ ಬಂದ. ನಾರ್ದುವಿನ ಮುಖದ ಮೇಲೂ ಉಳಿದವರ ಮೇಲೆ ನಿಂತಷ್ಟೇ ಹೊತ್ತು ನಿಂತು, ಮುಂದಿನ ಮುಖಕ್ಕೆ ಹೋದ.