ಸಿಂಕಿನ ಕಡೆ ತಿರುಗಿ ಆಡಿದ ಮಾತು

"ತಿಂಡಿ ಆಯ್ತು, ಬನ್ನಿ!"

ಅಡುಗೆಮನೆಯಿಂದ ಹೊರಟ ಕೂಗಿಗೆ ಬಟ್ಟೆ ಮಡಚುತ್ತಿದ್ದ ಮಗಳು ಬೆಚ್ಚಿಬಿದ್ದಳು. ಎದುರು ಮನೆಯ ಕಿಟಕಿಯಲ್ಲೊಂದು ತಲೆ ಕಾಣಿಸಿ ಮರೆಯಾಯಿತು.

"ಅಮ್ಮಾ, ಇಷ್ಟು ಜೋರಾಗಿ ಯಾಕೆ? ನನ್ನ ಕಿವಿ ನೆಟ್ಟಗಿದೆ."

"ಗೊತ್ತು ಕಣೆ. ಗಂಟಲಿಗೆ ಗೊತ್ತಾಗಬೇಕಲ್ಲ."

ಬನ್ನಿ ಎಂದದ್ದನ್ನು ಇಬ್ಬರೂ ಕೇಳಿಸಿಕೊಳ್ಳದವರಂತೆ ಇದ್ದುಬಿಟ್ಟರು. ಗಂಡನ ಕೊನೆಯ ಕಾರ್ಯಗಳೆಲ್ಲ ಮುಗಿದಿದ್ದವು. ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಇದು ಮೊದಲ ಮಾಮೂಲು ಬೆಳಗು. ಮಾಮೂಲು ಎಂದರೆ ಇಷ್ಟೇ: ನಲ್ಲಿಯಲ್ಲಿ ನೀರು ಬಂತು, ಹಾಲಿನವನು ಬಂದ, ಬಾಗಿಲ ಹತ್ತಿರ ಚಪ್ಪಲಿಗಳ ರಾಶಿ ಇರಲಿಲ್ಲ. ಆಕೆಗೆ ಅಳುವುದಕ್ಕಿಂತ ಮಲಗುವುದು ಬೇಕಾಗಿತ್ತು.

ಗಂಡ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿದ್ದವರು. ಆ ಗದ್ದಲದಲ್ಲಿ ಯಾರೂ ದನಿ ತೆಗೆಯುತ್ತಿರಲಿಲ್ಲ. ತುಟಿ ಅಲುಗಿಸುತ್ತಿದ್ದರು, ಎದುರಿನವನು ಓದಿಕೊಳ್ಳುತ್ತಿದ್ದ. ಗಿರಣಿ ಮುಚ್ಚುವಷ್ಟರಲ್ಲಿ ಅವರ ಕಿವಿಯನ್ನು ಮಗ್ಗ ತಿಂದು ಮುಗಿಸಿತ್ತು. ಮನೆಯಲ್ಲಿ ಎದುರಿಗೆ ನಿಂತು ಕಿರುಚಬೇಕು. ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಅವರಿಗೆ ತಿಳಿಯುತ್ತಿತ್ತು. ದಿನಕ್ಕೆ ನಾಲ್ಕು ಮಾತು ಕಿರುಚುವುದರಲ್ಲೇ ಆಕೆಯ ಜೀವ ಹಣ್ಣಾಗುತ್ತಿತ್ತು. ಕಿವಿಗೆ ಮಷಿನ್ ತಂದುಕೊಳ್ಳಿ ಎಂದರೆ, "ಮುದುಕರು ಹಾಕ್ಕೊಳ್ಳೋದು ಅದು" ಎನ್ನುತ್ತಿದ್ದರು, ಎಪ್ಪತ್ತು ದಾಟಿದ ಆ ಹುಡುಗ.

ಹಾಗಾಗಿ ಆಕೆ ಒಂದು ಉಪಾಯ ಕಂಡುಕೊಂಡಿದ್ದಳು. ಸಿಂಕಿನ ಕಡೆ ತಿರುಗಿ, ಬೆನ್ನು ಅವರಿಗೆ ಕೊಟ್ಟು, ಮೆಲುದನಿಯಲ್ಲಿ ಮಾತಾಡುವುದು. ತುಟಿ ಕಾಣದಿದ್ದರೆ ಮಾತೂ ಇಲ್ಲ. ಪಾತ್ರೆ ಉಜ್ಜುತ್ತ ಉಜ್ಜುತ್ತ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸುರಿದುಬಿಡುತ್ತಿದ್ದಳು. ಅವರು ಹಿಂದೆ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿರುತ್ತಿದ್ದರು. ನಾಲಿಗೆಗೆ ಎಲುಬಿಲ್ಲ, ಎದುರಿಗೆ ಕಿವಿಯೂ ಇಲ್ಲ ಎಂದಮೇಲೆ ತಡೆಯುವವರು ಯಾರು?

"ಅಮ್ಮಾ, ಇದೇನು ನೋಡು," ಎಂದು ಮಗಳು ಅಪ್ಪನ ಸ್ವೆಟರಿನ ಜೇಬಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದಳು. ಒಳಗೆ ಗೋಡಂಬಿ ಗಾತ್ರದ ಕಿವಿ ಮಷಿನ್ನು. ತುದಿ ಸಡಿಲವೆಂದೋ ಏನೋ, ಬಟ್ಟೆಯ ಪಟ್ಟಿ ಸುತ್ತಿತ್ತು. ಆಕೆ ತೆಗೆದುಕೊಂಡು ಮುಷ್ಟಿ ಬಿಗಿದಳು. ಅದು ಕುಂಯ್ ಎಂದು ಸಣ್ಣಗೆ ಸಿಳ್ಳೆ ಹಾಕಿತು.

ಈ ಸಿಳ್ಳೆ ಆಕೆಗೆ ಗೊತ್ತು. ಎಷ್ಟೋ ತಿಂಗಳಿಂದ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಫ್ರಿಜ್ಜು ಕೆಟ್ಟಿದೆ ಎಂದುಕೊಂಡಿದ್ದಳು. "ಇದೂ ಒಂದು ಕೊರಗುತ್ತೆ, ನೀವೇ ಪುಣ್ಯವಂತರು, ನಿಮಗೇನೂ ಕೇಳಲ್ಲ" ಎಂದು ಸಿಂಕಿಗೆ ಹೇಳಿದ್ದಳು. ಇನ್ನೂ ಏನೇನು ಹೇಳಿದ್ದಳು? ಚಳಿಗಾಲದಲ್ಲಿ ಒಂದು ದಿನ, ಮಂಡಿ ಹಿಡಿದುಕೊಂಡಿದ್ದಾಗ: "ನೀವಾದ್ರೂ ಹೋಗಿ, ಇಲ್ಲ ನಾನಾದ್ರೂ ಹೋಗ್ತೀನಿ. ಒಬ್ಬರಾದ್ರೂ ಸುಖವಾಗಿರಲಿ."

"ಅಪ್ಪ ಯಾವಾಗ ತಗೊಂಡ್ರು?" ಎಂದಳು ಮಗಳು.

"ತಗೊಂಡಿದ್ದಲ್ಲ."

ಡಬ್ಬಿಯ ಮುಚ್ಚಳದ ಮೇಲೆ ಅರದಿಂದ ಎಳೆದ ಮೂರು ಗೀರಿದ್ದವು. ಗಿರಣಿಯವರು ತಮ್ಮ ತಮ್ಮ ಸಾಮಾನಿಗೆ ಗುರುತು ಮಾಡಿಕೊಳ್ಳುತ್ತಿದ್ದರು. ಮೂರು ಗೀರು ಎಂದರೆ ಫಿಟ್ಟರ್. ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ, ಈಗ ಹಿಂದಿನ ಬೀದಿಯಲ್ಲಿರುವ ಗಂಡನ ಗೆಳೆಯ. ಏಣಿಯಿಂದ ಸ್ಕ್ರೂಡ್ರೈವರಿನ ತನಕ ಎಷ್ಟೋ ಮೂರು ಗೀರು ಈ ಮನೆಗೆ ಬಂದು ಹೋಗಿದ್ದವು.

ತಿಂಡಿ ಮುಟ್ಟದೆ ಆಕೆ ಚಪ್ಪಲಿ ಮೆಟ್ಟಿದಳು.

ಫಿಟ್ಟರ್ ಬನಿಯನ್ನಿನಲ್ಲೇ ಬಾಗಿಲು ತೆರೆದ. ಅವನ ಕಿವಿಯಲ್ಲಿ ಹೊಸ ಮಷಿನ್ನು ಹೊಳೆಯುತ್ತಿತ್ತು.

"ಅತ್ತಿಗೆ! ಮೆಟ್ಟಿಲು ಹತ್ತಿ ನೀವ್ಯಾಕೆ ಬಂದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ನಿಮ್ಮ ಸಾಮಾನು, ಫಿಟ್ಟರಣ್ಣ." ಆಕೆ ಡಬ್ಬಿಯನ್ನು ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. "ವಾಪಸ್ ಕೊಡದೇ ಹೋದ ಅಂತ ಬೈಯೋಣ ಅಂದ್ರೆ, ಬೈಸಿಕೊಳ್ಳೋನೇ ಇಲ್ಲ," ಎಂದು ಕುರ್ಚಿ ಎಳೆದ. ಆಕೆ ಕೂರಲಿಲ್ಲ.

"ಯಾವಾಗಿಂದ?"

"ನನ್ನ ಮಗಳು ನನಗೆ ಹೊಸದು ಕೊಡಿಸಿದಳಲ್ಲ, ಆವಾಗಿಂದ ಹಳೇದು ಅವನ ಹತ್ತಿರಾನೇ. ನಿಮಗೆ ಹೇಳಬೇಡ ಅಂದಿದ್ದ."

"ಯಾಕಂತೆ?"

"ಗೊತ್ತಾದ್ರೆ ಅವಳು ಮಾತು ನಿಲ್ಲಿಸಿಬಿಡ್ತಾಳೆ ಅಂದ."

ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಎದುರಿಗೆ ನಿಂತ್ರೆ ಊಟ, ಮಾತ್ರೆ, ಸ್ನಾನ. ಮೂರೇ ಮಾತು, ಊರಿಗೆಲ್ಲ ಕೇಳೋ ಹಾಗೆ. ಸಿಂಕಿನ ಕಡೆ ತಿರುಗಿದ್ರೇನೇ ನಮ್ಮ ಸಂಸಾರ ಶುರು ಅಂತಿದ್ದ. ಹಾಲಿನವನ ಕಥೆ, ಮಗಳ ಅತ್ತೆ ಕಥೆ, ನಿಮ್ಮ ಮಂಡಿ. ಏನು ಚೆನ್ನಾಗಿ ಬೈತಾಳೋ, ಇಷ್ಟು ವರ್ಷ ಎಲ್ಲಾ ವ್ಯರ್ಥವಾಗಿ ಹೋಯ್ತಲ್ಲೋ ಅಂತ ಇಲ್ಲಿ ಕೂತು ನಗ್ತಿದ್ದ."

"ಎಲ್ಲಾನೂ ನಗ್ತಾನೇ ಹೇಳಿದ್ರಾ?"

ಫಿಟ್ಟರ್ ಕಿಟಕಿಯ ಕಡೆ ನೋಡಿದ. ಸುಳ್ಳು ಹೇಳಲು ಬಾರದ ಮನುಷ್ಯ. ತುಟಿ ನೋಡಿ ಬದುಕಿದವರಿಗೆ ಅದು ಕಷ್ಟ.

"ಚಳಿಗಾಲದಲ್ಲಿ ಒಂದು ದಿನ ಬಂದು ಸುಮ್ಮನೆ ಕೂತ. ಟೀ ಕೊಟ್ಟೆ, ಕುಡೀಲಿಲ್ಲ. ಏನಾಯ್ತೋ ಅಂದೆ. ಮಷಿನ್ನು ತೆಗೆದು ಮೇಜಿನ ಮೇಲಿಟ್ಟು, ಬ್ಯಾಟರಿ ಹೋಗಿದೆ, ನೀನೇ ಇಟ್ಕೋ ಅಂದ. ಅವನು ಹೋದ ಮೇಲೆ ನೋಡಿದೆ. ಬ್ಯಾಟರಿ ಸರಿಯಾಗೇ ಇತ್ತು, ಅತ್ತಿಗೆ."

ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎತ್ತಿದರು.

"ಆಮೇಲೆ?"

"ಆಮೇಲೇನು, ಮಾರನೇ ದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜಿರಲಿಲ್ಲ, ಬಂದು ನಿಂತಿದ್ದ. ಕೊಡೋ, ಅವಳು ಪಾತ್ರೆಗೆ ನಿಲ್ಲೋ ಹೊತ್ತಾಯ್ತು ಅಂದ."

ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಸರಿಯಾಗಿದೆಯಾ ನೋಡಿಬಿಡಿ. ಕೆಡಿಸಿ ಕೊಟ್ಟರು ಅನ್ನೋದು ಬೇಡ."

"ಅಯ್ಯೋ, ಇರಲಿ ಬಿಡಿ."

"ನೋಡಿ."

ಅವನು ಹೊಸದನ್ನು ಬಿಚ್ಚಿಟ್ಟು ಹಳೆಯದನ್ನು ಕಿವಿಗೆ ಸಿಕ್ಕಿಸಿಕೊಂಡ. "ಏನಾದ್ರೂ ಮಾತಾಡಿ. ಹೀಗಲ್ಲ, ಆ ಕಡೆ ತಿರುಗಿ. ಎದುರಿಗಿದ್ರೆ ತುಟಿ ನೋಡಿ ಗೊತ್ತಾಗಿಬಿಡುತ್ತೆ."

ಆಕೆ ತಿರುಗಿದಳು. ಮೂಲೆಯಲ್ಲಿ ಫಿಟ್ಟರನ ಸಿಂಕಿನಲ್ಲಿ ನಿನ್ನೆಯ ಲೋಟಗಳಿದ್ದವು. ಒಂದನ್ನು ಕೈಗೆತ್ತಿಕೊಂಡಳು. ದನಿ ಹೊರಟಿತು, ಮೆಲ್ಲಗೆ, ಅಭ್ಯಾಸದ ದಾರಿಯಲ್ಲಿ.

"ಮಷಿನ್ ಹಾಕ್ಕೊಂಡಿದ್ದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ..."

"ಕೇಳಿಸ್ತಾ ಇದೆ," ಎಂದ ಫಿಟ್ಟರ್.

ಆಕೆ ನಿಲ್ಲಿಸಲಿಲ್ಲ. ಅವನು ಸ್ವಲ್ಪ ಹೊತ್ತು ಆ ಬೆನ್ನನ್ನು ನೋಡಿದ. ಆಮೇಲೆ ಸದ್ದಾಗದಂತೆ ಮಷಿನ್ನನ್ನು ಕಿವಿಯಿಂದ ತೆಗೆದು, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಹೊಸದನ್ನೂ ಮುಟ್ಟದೆ ಕೂತ.