ಸಭಾಪಾಲಕರ ಮನೆಯ ಬಚ್ಚಲು

ಲಾರಿಯಿಂದ ಬೀರು ಇಳಿಸುವ ಮೊದಲೇ ವಾಸನೆ ನಮ್ಮನ್ನು ಎದುರುಗೊಂಡಿತು. ಸತ್ತ ಇಲಿ ಇರಬೇಕೆಂದುಕೊಂಡು ಬಾಗಿಲು ತೆಗೆದೆ. ಇಲಿಯಲ್ಲ. ಬಚ್ಚಲಲ್ಲಿ ಬೂದುಬಣ್ಣದ ನೀರು ಪಾದ ಮುಳುಗುವಷ್ಟು ನಿಂತಿತ್ತು. ಮೇಲೆ ಕೊಬ್ಬಿನ ದಪ್ಪ ಪದರ, ಅದರಲ್ಲಿ ಅನ್ನದ ಅಗುಳು, ಕರಿಬೇವಿನ ಎಲೆ. ನನ್ನ ಹೆಂಡತಿ ಸುಗುಣ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿ ವಾಂತಿ ಮಾಡಿದಳು.

ಕೆ.ಆರ್. ನಗರದಲ್ಲಿ ಐದು ವರ್ಷ ಚರ್ಚಿನ ಸಭಾಪಾಲಕನಾಗಿದ್ದ ನನಗೆ ಮೇ ತಿಂಗಳಲ್ಲಿ ಗಾವಡಗೆರೆ ಕಡೆಯ ಒಂದು ಊರಿಗೆ ವರ್ಗವಾಗಿತ್ತು. ಊರಿನ ಹೆಸರು ಬೇಡ. ಅಲ್ಲಿ ಒಳ್ಳೆಯವರೂ ಇದ್ದಾರೆ. ಚರ್ಚಿನ ಹಿಂದೆಯೇ ಮನೆ, ಪಕ್ಕದಲ್ಲಿ ಮದುವೆಗಳಿಗೆಂದು ಕಟ್ಟಿಸಿದ ಊಟದ ಹಾಲ್. ಸಾಮಾನು ಇಳಿಸುವಾಗ ಚರ್ಚ್ ಕಮಿಟಿಯ ಸೆಕ್ರೆಟರಿ ಎಡ್ವಿನ್ ರಾಜಪ್ಪ ಬಂದು ನಿಂತಿದ್ದರು. ಹೈಸ್ಕೂಲಿನಲ್ಲಿ ಮೇಷ್ಟರಾಗಿ ರಿಟೈರಾದವರು, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.

"ಹಿಂದಿನವರು ಹೀಗೇ ಇಟ್ಕೊಂಡಿದ್ರು ಅಯ್ಯನವರೇ," ಎಂದರು. "ಹೇಳಿ ಹೇಳಿ ನಮಗೂ ಸಾಕಾಗಿತ್ತು. ಅವರ ಹೆಂಡತಿ ಆಯಮ್ಮನಿಗಂತೂ ಪೊರಕೆ ಹಿಡಿಯೋಕೇ ಬರ್ತಿರಲಿಲ್ಲ."

ಹಿಂದಿನವರೆಂದರೆ ಸ್ವಾಮಿದಾಸ್. ಸಭಾಪಾಲಕರ ತರಬೇತಿಯಲ್ಲಿ ನನಗಿಂತ ಎರಡು ವರ್ಷ ಚಿಕ್ಕವರು. ಮುಖದ ಗುರುತಿತ್ತು, ಒಡನಾಟವಿರಲಿಲ್ಲ. ಅವರು ಎಚ್.ಡಿ. ಕೋಟೆ ಕಡೆಗೆ ಹೋಗಿ ಹದಿನೈದು ದಿನವಾಗಿತ್ತು. ಮೇಷ್ಟರ ಮಾತನ್ನು ನಾನು ಏನೂ ವಿಚಾರಿಸದೆ ನಂಬಿದೆ. ಮೂಗಿಗೆ ಅಷ್ಟು ಗಟ್ಟಿ ಸಾಕ್ಷಿ ಸಿಕ್ಕಿರುವಾಗ ಇನ್ನೇನು ವಿಚಾರಿಸುವುದು?

ಮೂರು ದಿನ ಬಕೆಟ್ಟಿನಲ್ಲಿ ತೋಡಿ ತೋಡಿ ಹೊರಗೆ ಚೆಲ್ಲಿದೆವು. ಬೆಳಗಾದರೆ ನೀರು ಮತ್ತೆ ಅಷ್ಟೇ ಇರುತ್ತಿತ್ತು. ಸೋಪಿನಿಂದ ಎಷ್ಟು ತೊಳೆದರೂ ಕೈಯ ಜಿಡ್ಡು ಬಿಡಲಿಲ್ಲ. ತಟ್ಟೆಗೆ ಬಿಸಿ ಮುದ್ದೆ ಬಿದ್ದರೂ ಅದೇ ವಾಸನೆ. ಸುಗುಣ ಎರಡು ಹೊತ್ತು ಬರೀ ಬಿಸ್ಕತ್ತು ತಿಂದಳು. ನನ್ನ ಅಸಹ್ಯವೆಲ್ಲ ಕಣ್ಣೆದುರಿಗಿಲ್ಲದ ಸ್ವಾಮಿದಾಸರ ಮೇಲೆ ತಿರುಗಿತು.

ಭಾನುವಾರದ ಆರಾಧನೆಯಲ್ಲಿ ನನ್ನ ಮೊದಲ ಪ್ರಸಂಗ, ಅಂದರೆ ಉಪದೇಶ. ಬರೆದುಕೊಂಡು ಹೋಗಿದ್ದು ಕೃಪೆಯ ಬಗ್ಗೆ. ಹೇಳಿದ್ದು ಶುಚಿತ್ವದ ಬಗ್ಗೆ. "ಬಚ್ಚಲನ್ನೇ ಶುಚಿಯಾಗಿಡಲಾರದವರು ಜನರ ಆತ್ಮವನ್ನು ಹೇಗೆ ಕಾಯುತ್ತಾರೆ? ಬಾಗಿಲು ತೆಗೆದಾಗ, ಸಭಾಪಾಲಕರ ಮನೆಗೆ ಬಂದೆನೋ ಹಂದಿಗೂಡಿಗೆ ಬಂದೆನೋ ತಿಳಿಯಲಿಲ್ಲ," ಎಂದೆ. ಜನ ನಕ್ಕರು. ಮುಂದಿನ ಬೆಂಚಿನಲ್ಲಿದ್ದ ಮೇಷ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನನಗೆ ಹಿತವಾಯಿತು. ಸಭೆ ಮೊದಲ ದಿನವೇ ಒಲಿಯಿತು ಅಂದುಕೊಂಡೆ.

ಸೋಮವಾರ ಪೈಪಿನ ಕೆಲಸದ ಹುಚ್ಚಯ್ಯನನ್ನು ಕರೆಸಿದೆ. ಆತ ಗೋಡೆಯ ಬುಡದಲ್ಲಿ ಹಾರೆ ಹಾಕಿ ಮಣ್ಣು ತೆಗೆದ. ಊಟದ ಹಾಲಿನ ಕಡೆಯಿಂದ ಬಂದ ದಪ್ಪ ಪೈಪೊಂದು ನಮ್ಮ ಬಚ್ಚಲ ಪೈಪಿಗೆ ಸೇರಿಕೊಂಡಿತ್ತು.

"ಇದನ್ಯಾಕೆ ಇಲ್ಲಿಗೆ ಸೇರಿಸಿದ್ದಾರೆ?" ಎಂದು ಕೇಳಿದೆ.

"ನಿಮ್ಗೆ ಯೋಳ್ನಿಲ್ವಾ ಅಯ್ನೋರೆ? ಊಟದ ಆಲು ಕಟ್ದಾಗ ಬ್ಯಾರೆ ಗುಂಡಿ ತೋಡ್ಬೇಕು ಅಂದೆ. ಬ್ಯಾಡ, ಇದ್ಕೇ ಸೇರ್ಸು ಅಂದ್ರು ಮೇಷ್ಟ್ರು. ಮದ್ವೆ ಆದಾಗೆಲ್ಲ ಪಾತ್ರೆ ತೊಳ್ದಿದ್ದು, ಬಾಡಿನ ಜಿಡ್ಡು, ಎಲ್ಲಾ ಇಲ್ಗೇ ಬತ್ತದೆ. ಮುಂಚಿನ ಅಯ್ನೋರು ಊರು ಬುಟ್ಮೇಲೆ ಎರಡು ಮದ್ವೆ ಆಯ್ತು ಕಣ್ರೀ."

"ಮತ್ತೆ ಸ್ವಾಮಿದಾಸ್ ಅಯ್ಯನವರು ಏನು ಮಾಡ್ತಿದ್ರು?"

"ಇನ್ನೇನ್ ಮಾಡಾರು? ಅಂಗಿ ಬಿಚ್ಚಾಕಿ, ಭುಜದ ಗಂಟ ಕೈ ಇಕ್ಕಿ ಅವ್ರೇ ತಗೀತಿದ್ರು. ನಾನ್ ಬತ್ತೀನಿ ಬುಡಿ ಅಂದ್ರೆ, ಕಮಿಟಿಯೋರು ಕರೀಬ್ಯಾಡಿ ಅಂದವ್ರೆ ಅನ್ನೋರು. ಆಯಮ್ಮ ದಿನಾ ಉಜ್ಜೀ ಉಜ್ಜೀ, ಕೈಯೆಲ್ಲ ಬಿರ್ಕು ಬುಟ್ಟಿತ್ತು."

ನಾನು ಹಾಗೇ ಮೇಷ್ಟರ ಮನೆಗೆ ಹೋದೆ. ನಡುಮನೆಯಲ್ಲಿ ಕೂರಿಸಿ ಕಾಫಿ ತರಿಸಿದರು. ಪೈಪಿನ ವಿಷಯ ಹೇಳಿದೆ.

"ಗೊತ್ತು, ಗೊತ್ತು. ಈ ವಾರವೇ ಬೇರೆ ಮಾಡಿಸೋಣ," ಎಂದರು.

"ಸ್ವಾಮಿದಾಸ್ ಅವರು ಇದನ್ನ ಕೇಳಿರಲಿಲ್ವಾ?"

"ಕೇಳಿದ್ರು. ಅರ್ಜಿ ಮೇಲೆ ಅರ್ಜಿ." ಮೇಷ್ಟರು ಮುಗುಳ್ನಕ್ಕರು. "ಅವರ ಕತೆ ಬೇರೆ ಬಿಡಿ. ಅವರ ತಾತ ಮುತ್ತಾತ ಎಲ್ಲ ಮಾಡ್ಕೊಂಡು ಬಂದಿದ್ದೇ ಅಂಥ ಕೆಲಸ. ಅವರಿಗೇನು ಅದು ಹೊಸದಾ? ನೀವು ನಮ್ಮಂಥವರು. ನಿಮ್ಮ ಕೈಲಿ ಮಾಡಿಸೋಕಾಗುತ್ತಾ?"

ದನಿ ತಗ್ಗಿಸಿಯೂ ಹೇಳಲಿಲ್ಲ. ಮಳೆ ಬೆಳೆಯ ಮಾತಾಡಿದ ಹಾಗೆ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಳಗೆ ಹೋದರು.

"ಚರ್ಚಿನಲ್ಲಿ ಅವರ ಕೈಯಿಂದ ನೀವು ಪ್ರಭುಭೋಜನದ ಪವಿತ್ರ ರೊಟ್ಟಿ ತಗೋತಿದ್ರಲ್ಲ?" ಎಂದೆ.

"ರೊಟ್ಟಿ ಕೊಡೋ ಭಾನುವಾರಗಳಲ್ಲಿ ನಾನು ಮೈಸೂರಿಗೆ ಮಗಳ ಮನೆಗೆ ಹೋಗ್ತಿದ್ದೆ," ಎಂದು ಕಾಫಿ ಹೀರಿದರು.

ಲೋಟ ಕೆಳಗಿಟ್ಟು ಎದ್ದೆ. ದಾರಿಯುದ್ದಕ್ಕೂ ಕಿವಿಯಲ್ಲಿ ಕೇಳುತ್ತಿದ್ದುದು ಅವರ ಮಾತಲ್ಲ, ನನ್ನದು. ಹಂದಿಗೂಡು ಎಂಬ ಪದವನ್ನು ಯಾರೂ ನನ್ನ ಬಾಯಿಗೆ ತುರುಕಿರಲಿಲ್ಲ. 'ನಮ್ಮಂಥವರು' ಎಂಬ ಲೆಕ್ಕಕ್ಕೆ ನಾನು ಮೊದಲ ದಿನವೇ ಸೇರಿಬಿಟ್ಟಿದ್ದೆ.

ಮುಂದಿನ ಭಾನುವಾರ ಪ್ರಸಂಗ ಪೀಠದಿಂದ ಕೆಳಗಿಳಿದು ನಿಂತು ಎಲ್ಲವನ್ನೂ ಹೇಳಿದೆ. ಪೈಪು ಎಲ್ಲಿಂದ ಎಲ್ಲಿಗೆ ಬಂದಿದೆ, ಯಾರು ಕೈ ಹಾಕಿ ತೆಗೆಯುತ್ತಿದ್ದರು, ಅವರೇ ತೆಗೆಯಲಿ ಎಂದು ಬಿಟ್ಟದ್ದು ಯಾಕೆ, ಹೋದ ವಾರ ನಾನು ಅವರ ಹೆಸರಿಗೆ ಏನು ಬಳಿದೆ. ಯಾರೂ ನಗಲಿಲ್ಲ. ಮೇಷ್ಟರು ಎದ್ದು ಹೊರಗೆ ನಡೆದರು. ಅವರ ಹಿಂದೆ ಆರೇಳು ಮನೆಯವರು ಎದ್ದರು. ಮೇಷ್ಟರ ಹೆಂಡತಿ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದರು. ಉಳಿದವರು ಮಂಗಳವಾರ ಬೇರೆ ಗುಂಡಿ ತೋಡಿಸಿದರು. ಹೋದವರು ನನ್ನನ್ನು ಬದಲಿಸಿ ಎಂದು ಮೇಲಿನವರಿಗೆ ಕಾಗದ ಬರೆದರು.

ಬುಧವಾರ ಹುಣಸೂರಿನಿಂದ ಎಚ್.ಡಿ. ಕೋಟೆಯ ಬಸ್ಸು ಹಿಡಿದು ಸ್ವಾಮಿದಾಸರ ಮನೆಗೆ ಹೋದೆ. ಅವರು ಕುರ್ಚಿ ಕೊಟ್ಟರು. ನಾನು ಕ್ಷಮೆ ಕೇಳುವ ಮೊದಲೇ, "ನಿಮ್ಮ ಎರಡು ಪ್ರಸಂಗಾನೂ ಯಾರೋ ರೆಕಾರ್ಡ್ ಮಾಡಿ ಫೋನಿಗೆ ಕಳಿಸಿದ್ದಾರೆ," ಎಂದರು. "ಮೊದಲನೇದನ್ನ ಮೀನಾ ಕೇಳಿದಳು. ಎರಡನೇದು ಕೇಳಲ್ಲ ಅಂದಳು."

ಅವರ ಹೆಂಡತಿ ಮೀನಾ ಒಂದು ಚೊಂಬು ನೀರು ತಂದಿಟ್ಟರು. "ಊಟಕ್ಕೆ ಇರಿ ಅಂತ ಹೇಳಲ್ಲ ನಾನು," ಎಂದು ಒಳಗೆ ಹೋದರು.

ಬಸ್ ನಿಲ್ದಾಣದ ತನಕ ಸ್ವಾಮಿದಾಸ್ ಜೊತೆಗೆ ಬಂದರು. ಬಸ್ಸು ತಿರುವಿನಲ್ಲಿ ಕಂಡಾಗ ಕೇಳಿದರು: "ಮೇಷ್ಟ್ರಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀರಾ?"

"ಮಾಡಬೇಕು ಅಂತ ಗೊತ್ತು. ಆಗ್ತಿಲ್ಲ," ಎಂದೆ.

"ಅಲ್ಲಿದ್ದ ನಾಲ್ಕು ವರ್ಷ ನನಗೂ ಆಗಲಿಲ್ಲ," ಎಂದರು ಸ್ವಾಮಿದಾಸ್, ಬಸ್ಸಿಗೆ ಕೈ ಅಡ್ಡ ಹಿಡಿಯುತ್ತ.